ಮಾರ್ಗರೆಟ್ ಆಳ್ವ

ಮಾರ್ಗರೆಟ್ ಆಳ್ವ (ಜನನ: 14 ಏಪ್ರಿಲ್ 1942, ಮಂಗಳೂರು) ಕಾಂಗ್ರೆಸ್ ಪಕ್ಷದ ಹಿರಿಯ ರಾಜಕಾರಣಿ. 1974ರಿಂದ 1998ರವರೆಗೆ ಸತತ ನಾಲ್ಕು ಅವಧಿಗೆ ರಾಜ್ಯಸಭೆಯ ಸದಸ್ಯೆಯಾಗಿದ್ದರು. 1999ರಿಂದ 2004ರವರೆಗೆ ಕೆನರಾ (ಈಗಿನ ಉತ್ತರ ಕನ್ನಡ) ಕ್ಷೇತ್ರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದರು. ರಾಜೀವ್ ಗಾಂಧಿ ಮತ್ತು ಪಿ. ವಿ. ನರಸಿಂಹ ರಾವ್ ಸರ್ಕಾರಗಳಲ್ಲಿ ರಾಜ್ಯ ಸಚಿವೆಯಾಗಿದ್ದರು. ಮುಂದೆ ಉತ್ತರಾಖಂಡ ಮತ್ತು ರಾಜಸ್ಥಾನಗಳ ರಾಜ್ಯಪಾಲರಾದರು. 2022ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿದ್ದವರೂ ಅವರೇ.

ಮನೆಮಾತು ಕೊಂಕಣಿ, ಧರ್ಮ ಕ್ಯಾಥೊಲಿಕ್, ಹುಟ್ಟೂರು ತುಳುನಾಡಿನದು, ರಾಜಕೀಯ ಕ್ಷೇತ್ರ ಉತ್ತರ ಕನ್ನಡ. ಭಟ್ಕಳದ ಕಡಲಿನಿಂದ ಹಳಿಯಾಳದ ಬಯಲಿನವರೆಗೆ ಹರಡಿರುವ ಆ ಜಿಲ್ಲೆಯಲ್ಲಿ ಕ್ರೈಸ್ತರ ಪಾಲು ನೂರಕ್ಕೆ ಐದೂ ಇಲ್ಲ. ಭಟ್ಕಳದ ನವಾಯತ ಮುಸ್ಲಿಮರಿಗೆ ಒಂದು ಊರಿನ ಬಲವಿದೆ. ಅಲ್ಲಿಂದ ಶಾಸಕರಾಗಿ ರಾಜ್ಯ ಸರ್ಕಾರದಲ್ಲಿ ಮಂತ್ರಿಯಾದ ಎಸ್. ಎಂ. ಯಾಹ್ಯಾ ಅವರಂಥವರ ಹಿಂದೆ ಆ ಬಲ ಇತ್ತು. ಮಾರ್ಗರೆಟ್ ಅವರಿಗೆ ಅಂಥ ನೆಲೆ ಎಲ್ಲೂ ಇರಲಿಲ್ಲ. ಅವರ ಸಾರ್ವಜನಿಕ ಬದುಕಿನ ಏರಿಳಿತಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಅರ್ಥವಾಗುತ್ತವೆ: ತಮ್ಮದೆಂದು ಹೇಳಿಕೊಳ್ಳುವ ಮತಗಳಿಲ್ಲದೆ ಅರ್ಧ ಶತಮಾನ ರಾಜಕಾರಣದಲ್ಲಿ ಉಳಿದವರು ಅವರು.

ಆಳ್ವ ಮನೆತನ ಮತ್ತು ಕೆನರಾ

ತವರಿನ ಹೆಸರು ನಜರೆತ್. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಬಿ.ಎ., ಸರ್ಕಾರಿ ಕಾನೂನು ಕಾಲೇಜಿನಲ್ಲಿ ಕಾನೂನು ಪದವಿ ಪಡೆದರು. ಕಾನೂನು ಓದುತ್ತಿದ್ದಾಗ ಪರಿಚಯವಾದ ನಿರಂಜನ್ ಆಳ್ವ ಅವರನ್ನು 1964ರ ಮೇ 24ರಂದು ಮದುವೆಯಾದರು. ಸೊಸೆಯಾಗಿ ಸೇರಿದ ಮನೆ ಸಾಮಾನ್ಯದ್ದಲ್ಲ. ಅತ್ತೆ ಮಾವ ಇಬ್ಬರೂ ಆಗ ಸಂಸತ್ ಸದಸ್ಯರು. ಗಂಡ ಹೆಂಡತಿ ಒಟ್ಟಿಗೆ ಸಂಸತ್ತಿನಲ್ಲಿ ಕೂತದ್ದು ಭಾರತದಲ್ಲಿ ಈ ಜೋಡಿಯಿಂದಲೇ ಮೊದಲು.

ಮಾವ ಜೋಕಿಂ ಆಳ್ವ (1907–1979) ಉಡುಪಿ ಸಮೀಪದ ಬೆಳ್ಳೆಯವರು. ಮುಂಬಯಿಯಲ್ಲಿ ವಕೀಲರು, ಪತ್ರಕರ್ತರು; 1943ರಲ್ಲಿ 'ಫೋರಂ' ಎಂಬ ಇಂಗ್ಲಿಷ್ ವಾರಪತ್ರಿಕೆ ಹೊರಡಿಸಿದವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಮೊದಲ ಮಹಾಚುನಾವಣೆಯ ಹೊತ್ತಿಗೆ ಕಾರವಾರ, ಕುಮಟಾ, ಹೊನ್ನಾವರಗಳ ಈ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಮುಂಬಯಿಯ ಕಾಂಗ್ರೆಸ್ಸಿಗರೊಬ್ಬರು ಕೆನರಾದ ಅಭ್ಯರ್ಥಿಯಾದದ್ದು ಆ ಕಾಲಕ್ಕೆ ಸಹಜವೇ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಜೋಕಿಂ 1952, 1957 ಮತ್ತು 1962ರಲ್ಲಿ ಸತತವಾಗಿ ಗೆದ್ದರು. ಕುಮಟಾ ತಾಲೂಕಿನ ಒಳನಾಡಿನ ಸಂತೆಗುಳಿಯಂಥ ಹಳ್ಳಿಗಳ ಹಳೆಯ ತಲೆಮಾರಿಗೆ 'ಆಳ್ವ' ಎಂದರೆ ಮೊದಲು ಇವರೇ. 1967ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿನ ಕೈತಪ್ಪಿತು. ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದ ಚುಟುಕು ಕವಿ ದಿನಕರ ದೇಸಾಯಿ ಪಕ್ಷೇತರರಾಗಿ ಗೆದ್ದರು. ಮರುವರ್ಷ ಜೋಕಿಂ ರಾಜ್ಯಸಭೆಗೆ ನಾಮಕರಣಗೊಂಡು 1974ರವರೆಗೆ ಅಲ್ಲಿದ್ದರು.

ಅತ್ತೆ ವಯಲೆಟ್ ಆಳ್ವ (1908–1969) ಅಹಮದಾಬಾದಿನಲ್ಲಿ ಹುಟ್ಟಿದ ಗುಜರಾತಿ ಕ್ರೈಸ್ತೆ. ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿದ ಭಾರತದ ಮೊದಲ ಮಹಿಳಾ ವಕೀಲೆ ಎಂದು ಹೆಸರಾದವರು. ನೆಹರೂ ಸರ್ಕಾರದಲ್ಲಿ ಗೃಹ ಖಾತೆಯ ಉಪಸಚಿವೆಯಾಗಿದ್ದರು, 1962ರಿಂದ ರಾಜ್ಯಸಭೆಯ ಉಪಸಭಾಪತಿಯಾಗಿದ್ದರು. 1969ರ ನವೆಂಬರಿನಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಾಂಗ್ರೆಸ್ ಇಬ್ಭಾಗವಾದ ತಿಂಗಳೂ ಅದೇ. ಮಾರ್ಗರೆಟ್ ಇಂದಿರಾ ಗಾಂಧಿಯವರ ಬಣ ಸೇರಿ ಕರ್ನಾಟಕದಲ್ಲಿ ಕೆಲಸ ಶುರುಮಾಡಿದರು. ಮಾವನ ಕ್ಷೇತ್ರವಾಗಲಿ ಮತಗಳಾಗಲಿ ಅವರಿಗೆ ಬಳುವಳಿಯಾಗಿ ಬರಲಿಲ್ಲ. 1971ರಲ್ಲಿ ಕೆನರಾದಿಂದ ಬಿ. ವಿ. ನಾಯಕ, 1977ರಲ್ಲಿ ಬಿ. ಪಿ. ಕದಂ, 1980ರಿಂದ ನಾಲ್ಕು ಸಲ ಜಿ. ದೇವರಾಯ ನಾಯ್ಕ ಕಾಂಗ್ರೆಸ್ಸಿನಿಂದ ಗೆದ್ದರು. ಜಿಲ್ಲೆಯ ದೊಡ್ಡ ಸಮುದಾಯಗಳ ಲೆಕ್ಕ ಹಾಕಿ ಟಿಕೆಟ್ ಕೊಡುವ ಕಾಲ ಬಂದಿತ್ತು. ಮಾರ್ಗರೆಟ್ ಅವರಿಗೆ ಅತ್ತೆಮನೆಯಿಂದ ಬಂದದ್ದು ದೆಹಲಿಯ ಒಡನಾಟ ಮತ್ತು ಸದನದ ಶಿಸ್ತು.

ರಾಜ್ಯಸಭೆ ಮತ್ತು ಮಂತ್ರಿಗಿರಿ

1974ರ ಏಪ್ರಿಲಿನಲ್ಲಿ, 32ನೆಯ ವಯಸ್ಸಿಗೆ ರಾಜ್ಯಸಭೆಗೆ ಆಯ್ಕೆಯಾದರು. ಮಾವನ ಅವಧಿ ಮುಗಿದ ವರ್ಷವೇ ಸೊಸೆಯ ಅವಧಿ ಶುರುವಾಯಿತು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಜಂಟಿ ಕಾರ್ಯದರ್ಶಿಯಾಗಿದ್ದರು, 1978ರಿಂದ 1980ರವರೆಗೆ ಪ್ರದೇಶ ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾಗಿದ್ದರು. 1980, 1986 ಮತ್ತು 1992ರಲ್ಲಿ ಮತ್ತೆ ಮತ್ತೆ ಆಯ್ಕೆಯಾದರು. ಶಾಸಕರು ಮತ ಹಾಕಿ ಕಳಿಸುವ ಈ ಸ್ಥಾನಗಳು ಪಕ್ಷದ ಹೈಕಮಾಂಡಿನ ಒಪ್ಪಿಗೆಯಿಲ್ಲದೆ ಸಿಗುವಂಥವಲ್ಲ. ಆ ಒಪ್ಪಿಗೆ ಅವರಿಗೆ 24 ವರ್ಷ ಸಿಕ್ಕಿತು.

ರಾಜೀವ್ ಗಾಂಧಿ ಪ್ರಧಾನಿಯಾದಾಗ ಸಂಸದೀಯ ವ್ಯವಹಾರಗಳ ರಾಜ್ಯ ಸಚಿವೆಯಾಗಿ ಮಂತ್ರಿಮಂಡಲ ಸೇರಿದರು. 1985ರಲ್ಲಿ ಶಿಕ್ಷಣ, ಸಂಸ್ಕೃತಿ, ಕ್ರೀಡೆ ಇತ್ಯಾದಿಗಳನ್ನೆಲ್ಲ ಒಟ್ಟುಗೂಡಿಸಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ರಚಿಸಲಾಯಿತು. ಅದರೊಳಗೆ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಗೆಂದೇ ಒಂದು ಇಲಾಖೆ ಹುಟ್ಟಿತು. ಅದೂ ಯುವಜನ ಮತ್ತು ಕ್ರೀಡಾ ಇಲಾಖೆಯೂ ಮಾರ್ಗರೆಟ್ ಅವರ ಪಾಲಿಗೆ ಬಂದವು. ಸಂಪುಟ ದರ್ಜೆಯ ಮಂತ್ರಿಯಾಗಿ ಮೇಲೆ ಕೂತವರು ಮೊದಲು ನರಸಿಂಹ ರಾವ್, ಆಮೇಲೆ ಪಿ. ಶಿವಶಂಕರ್. ಮಾರ್ಗರೆಟ್ ಎಂದೂ ಸಂಪುಟ ದರ್ಜೆಗೆ ಏರಲಿಲ್ಲ. ಅವರ ನಂತರ ಬಂದ ಎಷ್ಟೋ ಮಂದಿ ಏರಿದರು. ಆದರೆ ಮಹಿಳೆಯರ ವಿಷಯದಲ್ಲಿ ಕೇಂದ್ರ ಸರ್ಕಾರ ಆ ಐದು ವರ್ಷಗಳಲ್ಲಿ ಮಾಡಿದ್ದನ್ನು ಪಟ್ಟಿಮಾಡಿದರೆ, ಹಲವು ಸಂಪುಟ ಮಂತ್ರಿಗಳ ಇಡೀ ಅವಧಿಯ ಕೆಲಸಕ್ಕಿಂತ ಅದು ಉದ್ದವಿದೆ.

ವರದಕ್ಷಿಣೆ ನಿಷೇಧ ಕಾಯ್ದೆ 1986ರಲ್ಲಿ ಇನ್ನಷ್ಟು ಬಿಗಿಯಾಯಿತು. ಅನೈತಿಕ ಸಾಗಾಟ ತಡೆ ಕಾಯ್ದೆ ಅದೇ ವರ್ಷ ತಿದ್ದುಪಡಿ ಕಂಡಿತು. ಜಾಹೀರಾತು, ಪುಸ್ತಕ, ಚಿತ್ರಗಳಲ್ಲಿ ಹೆಣ್ಣನ್ನು ಅಸಭ್ಯವಾಗಿ ತೋರಿಸುವುದನ್ನು ತಡೆಯುವ 1986ರ ಮಸೂದೆಯನ್ನು ರಾಜ್ಯಸಭೆಯಲ್ಲಿ ಮಂಡಿಸಿದವರು ಮಾರ್ಗರೆಟ್. 1987ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ರೂಪ್ ಕಂವರ್ ಎಂಬ ಹರೆಯದ ವಿಧವೆ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ದೇಶ ತಲ್ಲಣಿಸಿದ ಆ ಘಟನೆಯ ಬೆನ್ನಿಗೇ ಸತಿ ತಡೆ ಕಾಯ್ದೆ ಬಂತು. ಬಡ ಹೆಂಗಸರಿಗೆ ಕಸುಬಿನ ತರಬೇತಿ ಕೊಟ್ಟು ಹೈನುಗಾರಿಕೆ, ಕೈಮಗ್ಗದಂಥ ಕೆಲಸಗಳಲ್ಲಿ ನಿಲ್ಲಿಸುವ 'ಸ್ಟೆಪ್' ಯೋಜನೆ ಶುರುವಾದದ್ದೂ ಈ ಅವಧಿಯಲ್ಲಿ.

ಇದೇ ಅವಧಿಗೆ ಸೇರಿದ ಇನ್ನೊಂದು ಕಾಯ್ದೆಯನ್ನೂ ಇಲ್ಲಿ ಹೇಳಬೇಕು. ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಜೀವನಾಂಶದ ಹಕ್ಕಿದೆ ಎಂದು ಶಾ ಬಾನೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರ ಏಪ್ರಿಲಿನಲ್ಲಿ ಹೇಳಿತ್ತು. ಸರ್ಕಾರ 1986ರಲ್ಲಿ ಕಾಯ್ದೆ ತಂದು ಆ ತೀರ್ಪಿನ ಬಲ ಕುಗ್ಗಿಸಿತು. ಇದನ್ನು ವಿರೋಧಿಸಿ ಆರಿಫ್ ಮೊಹಮದ್ ಖಾನ್ ಮಂತ್ರಿಪದವಿ ಬಿಟ್ಟು ಹೊರಬಂದರು. ಮಹಿಳಾ ಇಲಾಖೆಯ ಹೊಣೆ ಹೊತ್ತ ಮಾರ್ಗರೆಟ್ ಸರ್ಕಾರದಲ್ಲೇ ಉಳಿದರು. ಪಕ್ಷದ ಕೃಪೆಯಿಂದ ಸ್ಥಾನ ಪಡೆದ ಅಲ್ಪಸಂಖ್ಯಾತ ರಾಜಕಾರಣಿಗೆ ಇರುವ ಮಿತಿ ಇಲ್ಲಿ ಎದ್ದು ಕಾಣುತ್ತದೆ.

ಆ ಇಲಾಖೆಯಿಂದ ಬಂದದ್ದರಲ್ಲಿ ಹೆಚ್ಚು ಕಾಲ ಬಾಳಿದ್ದು ಒಂದು ದಾಖಲೆ: 1988ರಿಂದ 2000ದವರೆಗಿನ ಮಹಿಳಾ ರಾಷ್ಟ್ರೀಯ ಮುನ್ನೋಟ ಯೋಜನೆ. ಅದನ್ನು ಸಿದ್ಧಪಡಿಸಿದ ತಂಡಕ್ಕೆ ಮಾರ್ಗರೆಟ್ ಅವರೇ ಅಧ್ಯಕ್ಷರು. ಪಂಚಾಯಿತಿಯಿಂದ ಜಿಲ್ಲಾ ಮಟ್ಟದವರೆಗೆ ಶೇ. 30 ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಡಬೇಕೆಂದು ಅದು ಶಿಫಾರಸು ಮಾಡಿತು. ಕರ್ನಾಟಕದ ಓದುಗರಿಗೆ ಇದು ಹೊಸದಲ್ಲ. ಸಿದ್ದಾಪುರದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರ ಆಸ್ಥೆಯಿಂದ ಬಂದ 1983ರ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇ. 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. 1987ರಲ್ಲಿ ಅದರ ಪ್ರಕಾರ ಚುನಾವಣೆಯೂ ನಡೆದಿತ್ತು. ಬೋರ್‌ವೆಲ್ ತೋಡಿಸಿ 'ನೀರು ಸಾಬ್' ಎನಿಸಿಕೊಂಡ ನಜೀರ್ ಸಾಬ್ ಜನತಾ ಪಕ್ಷದವರು, ಮಾರ್ಗರೆಟ್ ಎದುರು ಪಾಳೆಯದವರು. ಒಂದೇ ರಾಜ್ಯದ ಇಬ್ಬರು ಅಲ್ಪಸಂಖ್ಯಾತ ಮಂತ್ರಿಗಳು, ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದೆಹಲಿಯಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ದಿಕ್ಕಿನ ಕೆಲಸ ಮಾಡಿದರೆಂಬುದನ್ನು ಎರಡೂ ಪಕ್ಷಗಳವರು ಅಷ್ಟಾಗಿ ನೆನೆಯುವುದಿಲ್ಲ.

ಶೇ. 30 ಮೀಸಲಾತಿಯಿದ್ದ 64ನೆಯ ತಿದ್ದುಪಡಿ ಮಸೂದೆ 1989ರಲ್ಲಿ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಬಿದ್ದಿತು. ನರಸಿಂಹ ರಾವ್ ಕಾಲದಲ್ಲಿ 73ನೆಯ ತಿದ್ದುಪಡಿಯಾಗಿ ಮರಳಿ, ಮೂರನೆಯ ಒಂದರಷ್ಟು ಮೀಸಲಾತಿಯೊಂದಿಗೆ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಲೋಕಸಭೆ, ವಿಧಾನಸಭೆಗಳ ಮಹಿಳಾ ಮೀಸಲಾತಿಯ ತಿದ್ದುಪಡಿಗೆ ಮಾತ್ರ ದೇಶ 2023ರವರೆಗೆ ಕಾಯಬೇಕಾಯಿತು.

1991ರ ನಂತರ ಮಾರ್ಗರೆಟ್ ಸಿಬ್ಬಂದಿ, ಸಾರ್ವಜನಿಕ ಅಹವಾಲು ಮತ್ತು ಪಿಂಚಣಿ ಖಾತೆಯ ರಾಜ್ಯ ಸಚಿವೆಯಾದರು. ಹೆಸರು ಕೇಳಲು ಸಪ್ಪೆ, ಅಧಿಕಾರ ಸಣ್ಣದಲ್ಲ. ಐ.ಎ.ಎಸ್. ಅಧಿಕಾರಿಗಳ ಸೇವೆಯ ನಿಯಮಗಳು, ಕೇಂದ್ರ ನೇಮಕಾತಿ, ಸಿ.ಬಿ.ಐ. ಆಡಳಿತ ಈ ಖಾತೆಯ ಕೆಳಗೆ ಬರುತ್ತವೆ. ಪ್ರಧಾನಿಯೇ ಖಾತೆಯನ್ನು ಇಟ್ಟುಕೊಳ್ಳುವುದು ವಾಡಿಕೆಯಾದ್ದರಿಂದ ದಿನದ ಕೆಲಸ ರಾಜ್ಯ ಸಚಿವರದು. ಮಂಡಲ್ ಆಯೋಗದ ವರದಿಯ ಮೀಸಲಾತಿಯನ್ನು ಸುಪ್ರೀಂ ಕೋರ್ಟ್ 1992ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಕೇಂದ್ರದ ಉದ್ಯೋಗಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ. 27 ಸ್ಥಾನ ಕೊಡುವ 1993ರ ಸೆಪ್ಟೆಂಬರ್ 8ರ ಆದೇಶ ಹೊರಬಿದ್ದದ್ದು ಇದೇ ಸಿಬ್ಬಂದಿ ಇಲಾಖೆಯಿಂದ.

ಸಿದ್ದಿ ಓಟಗಾರರು

ಕ್ರೀಡಾ ಖಾತೆಯಲ್ಲಿದ್ದಾಗಿನ ಒಂದು ಪ್ರಯೋಗ ಉತ್ತರ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ್ದು. ಗುಡ್ಡಗಾಡು, ಬುಡಕಟ್ಟು ಪ್ರದೇಶಗಳ ಮಕ್ಕಳಲ್ಲಿ ಹುಟ್ಟಿನಿಂದ ಬಂದ ಕಸುವನ್ನು ಹುಡುಕಿ ತರಬೇತಿ ಕೊಡುವ 'ವಿಶೇಷ ಪ್ರದೇಶ ಕ್ರೀಡಾ ಯೋಜನೆ'ಯನ್ನು ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಗೆ ಶುರುಮಾಡಿತು. ರಾಜಸ್ಥಾನದ ಬುಡಕಟ್ಟು ಹುಡುಗ ಲಿಂಬಾ ರಾಮ್ ಬಿಲ್ಲುಗಾರನಾಗಿ ಒಲಿಂಪಿಕ್ಸ್ ಮುಟ್ಟಿದ್ದು ಇದೇ ದಾರಿಯಲ್ಲಿ. ಆಫ್ರಿಕಾ ಮೂಲದ ಸಿದ್ದಿಗಳತ್ತ ಯೋಜನೆಯ ಕಣ್ಣು ಹೊರಳಿದಾಗ ಮಾರ್ಗರೆಟ್ ಅದರ ಹಿಂದೆ ನಿಂತರು.

ಶತಮಾನಗಳ ಹಿಂದೆ ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಗುಲಾಮರಾಗಿ ತಂದವರ ಸಂತತಿ ಸಿದ್ದಿಗಳದು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಶಿರಸಿ ತಾಲೂಕುಗಳ ಕಾಡಂಚಿನಲ್ಲಿ ಚದುರಿರುವ ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಗುಜರಾತಿನ ಮತ್ತು ಇಲ್ಲಿನ ಸಿದ್ದಿ ಮಕ್ಕಳನ್ನು ಆರಿಸಿ, ಕ್ರೀಡಾ ಹಾಸ್ಟೆಲುಗಳಲ್ಲಿಟ್ಟು, ಓಟ, ಜಿಗಿತ, ಎಸೆತ ಕಲಿಸಲಾಯಿತು. ಹಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಸಿದ್ದಿಗಳ ಕಾರ್ಯಕ್ರಮ ನಿಂತುಹೋಯಿತು. ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕವರು ಅಷ್ಟಕ್ಕೇ ಓಟ ಬಿಟ್ಟರು. ಉಳಿದವರು ಕಾಡಂಚಿನ ಕೂಲಿಗೆ ಮರಳಿದರು.

ಈ ಪ್ರಯೋಗವನ್ನು ಮೆಚ್ಚಿ ಬರೆದವರೇ ಹೆಚ್ಚು. ಅದರ ಬುಡದಲ್ಲಿದ್ದ ಎಣಿಕೆ ಮಾತ್ರ ಪ್ರಶ್ನಾತೀತವಲ್ಲ: ಮೈಯಲ್ಲಿ ಆಫ್ರಿಕಾದ ರಕ್ತವಿದೆ, ಆದ್ದರಿಂದ ಓಡುತ್ತಾರೆ, ಪದಕ ತರುತ್ತಾರೆ. ಕೆನ್ಯಾ, ಇಥಿಯೋಪಿಯಾಗಳ ಓಟಗಾರರ ಊರುಗಳು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರು ಎತ್ತರದಲ್ಲಿವೆ, ಅಲ್ಲಿ ತಲೆಮಾರುಗಳಿಂದ ಬೆಳೆದ ತರಬೇತಿಯ ಪರಂಪರೆಯಿದೆ ಎಂಬುದನ್ನು ಆ ಎಣಿಕೆ ಗಮನಿಸಲಿಲ್ಲ. ಜೀತ, ಅರೆಹೊಟ್ಟೆ, ಅರ್ಧಕ್ಕೆ ಬಿಟ್ಟ ಶಾಲೆ ಇವು ಸಿದ್ದಿಗಳ ನಿಜವಾದ ತೊಡಕುಗಳು. ಕ್ರೀಡಾ ಹಾಸ್ಟೆಲ್ ಅವುಗಳಲ್ಲಿ ಕೆಲವನ್ನು ಕೆಲವರಿಗೆ ಕೆಲವು ವರ್ಷ ದೂರವಿಟ್ಟಿತು ಎನ್ನಬಹುದು. ಆದರೂ ದೆಹಲಿಯ ಒಬ್ಬ ಮಂತ್ರಿಯ ಲೆಕ್ಕದೊಳಗೆ ಸಿದ್ದಿಗಳು ಬಂದರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ, ಮಾರ್ಗರೆಟ್ ಇಲ್ಲಿನ ಸಂಸದೆಯಾಗಿದ್ದಾಗ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಅದು ಬಿಜೆಪಿ ಸರ್ಕಾರದ ಆಯ್ಕೆ.

ಕೆನರಾದಲ್ಲಿ ಗೆಲುವು, ಸೋಲು

1998ರಲ್ಲಿ ರಾಜ್ಯಸಭೆಯ ನಾಲ್ಕನೆಯ ಅವಧಿ ಮುಗಿಯಿತು. ಅಷ್ಟರಲ್ಲಿ ಮಾವನ ಕಾಲದ ಕೆನರಾ ಗುರುತು ಹತ್ತದಷ್ಟು ಬದಲಾಗಿತ್ತು. 1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತ್ತು. 1994ರಲ್ಲಿ ಅಲ್ಲಿಂದ ಬಿಜೆಪಿ ಶಾಸಕರಾದ ವೈದ್ಯ ಡಾ. ಯು. ಚಿತ್ತರಂಜನ್ 1996ರ ಏಪ್ರಿಲಿನಲ್ಲಿ ಗುಂಡೇಟಿಗೆ ಬಲಿಯಾದರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಶಿರಸಿಯ ಅನಂತಕುಮಾರ ಹೆಗಡೆ ಬಿಜೆಪಿಗೆ ಕ್ಷೇತ್ರವನ್ನು ಗೆದ್ದುಕೊಟ್ಟರು, 1998ರಲ್ಲಿ ಉಳಿಸಿಕೊಂಡರು.

1999ರಲ್ಲಿ ಕಾಂಗ್ರೆಸ್ ಅವರೆದುರು ಮಾರ್ಗರೆಟ್ ಅವರನ್ನು ನಿಲ್ಲಿಸಿತು. ವಿಧಾನಸಭೆ, ಲೋಕಸಭೆಗಳ ಚುನಾವಣೆ ಒಟ್ಟಿಗೆ ನಡೆದ ವರ್ಷ ಅದು. ಎಸ್. ಎಂ. ಕೃಷ್ಣ ನಾಯಕತ್ವದಲ್ಲಿ ಕಾಂಗ್ರೆಸ್ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 18 ಗೆದ್ದಿತು. ಜನತಾದಳ ಒಡೆದಿತ್ತು, ಹಳಿಯಾಳದ ಆರ್. ವಿ. ದೇಶಪಾಂಡೆ ಕಾಂಗ್ರೆಸ್ಸಿಗೆ ಬಂದಿದ್ದರು. ಆ ಅಲೆಯಲ್ಲಿ ಮಾರ್ಗರೆಟ್ ಗೆದ್ದರು. ಜೀವಮಾನದಲ್ಲಿ ಅವರು ಗೆದ್ದ ನೇರ ಚುನಾವಣೆ ಇದೊಂದೇ.

ಗೆದ್ದರೂ ದೆಹಲಿಯಲ್ಲಿ ಆಡಳಿತ ವಾಜಪೇಯಿ ಅವರದು. ಕ್ಷೇತ್ರದ ದೊಡ್ಡ ಸಂಕಟಗಳೆಲ್ಲ ಕೇಂದ್ರಕ್ಕೇ ಸೇರಿದವು. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ಕಾರವಾರ, ಅಂಕೋಲಾ ಕರಾವಳಿಯವರ ಪರಿಹಾರ ತೀರಿರಲಿಲ್ಲ. ಕೈಗಾದಲ್ಲಿ 2000ದಲ್ಲಿ ಅಣುಸ್ಥಾವರದ ಮೊದಲೆರಡು ಘಟಕಗಳು ವಿದ್ಯುತ್ ಕೊಡತೊಡಗಿದ್ದವು, ಜನರ ಅಂಜಿಕೆ ಹೋಗಿರಲಿಲ್ಲ. 2002ರ ಮೇ ತಿಂಗಳಲ್ಲಿ ಅರಣ್ಯ ಅತಿಕ್ರಮಣಗಳನ್ನು ತೆರವು ಮಾಡಿಸುವಂತೆ ಕೇಂದ್ರ ಪರಿಸರ ಸಚಿವಾಲಯ ಸುತ್ತೋಲೆ ಹೊರಡಿಸಿತು. ನೂರಕ್ಕೆ ಎಂಬತ್ತು ಪಾಲು ಕಾಡೇ ಇರುವ ಜಿಲ್ಲೆಯಲ್ಲಿ ಇದು ಮನೆಮನೆಯ ಮಾತಾಯಿತು: ಕುಮಟಾ, ಹೊನ್ನಾವರಗಳ ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಗುಂಟೆ ತೋಟ, ಒಂದು ಮನೆ ಮಾಡಿಕೊಂಡವರೆಲ್ಲ ಕಾಗದದ ಮೇಲೆ ಅತಿಕ್ರಮಣದಾರರೇ. ವಿರೋಧ ಪಕ್ಷದ ಸಂಸದೆಗೆ ಸದನದಲ್ಲಿ ಕೇಳುವ ಅವಕಾಶವಿತ್ತು, ಮಾಡಿಸುವ ಕೈ ಇರಲಿಲ್ಲ. ಆ ಲೋಕಸಭೆಯಲ್ಲಿ ಮಹಿಳಾ ಸಬಲೀಕರಣ ಸಮಿತಿಯ ಅಧ್ಯಕ್ಷತೆ ಅವರದಾಗಿತ್ತು. ಊರಿನ ಮತದಾರರ ಕಣ್ಣಿಗೆ ಬೀಳುವ ಕೆಲಸ ಅದಲ್ಲ.

2004ರಲ್ಲಿ ಅನಂತಕುಮಾರ ಹೆಗಡೆ ಲಕ್ಷ ಮೀರಿದ ಅಂತರದಿಂದ ಕ್ಷೇತ್ರವನ್ನು ಹಿಂದಕ್ಕೆ ಪಡೆದರು. 2009ರಲ್ಲಿ, ಮರುವಿಂಗಡಣೆಯಾಗಿ 'ಉತ್ತರ ಕನ್ನಡ' ಎಂಬ ಹೆಸರು ಪಡೆದ ಕ್ಷೇತ್ರದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಅಂತರ 22 ಸಾವಿರ ಚಿಲ್ಲರೆಗೆ ಇಳಿಯಿತು. ರಾಜ್ಯದಲ್ಲಿ ಬಿಜೆಪಿ 19 ಸ್ಥಾನ ಗೆದ್ದ ವರ್ಷ, ಸ್ವಜಾತಿಯ ಮತವಿಲ್ಲದ ಅಭ್ಯರ್ಥಿಗೆ ಇದು ಸಣ್ಣ ಸಾಧನೆಯಲ್ಲ. ಸೋಲು ಸೋಲೇ ಆಯಿತು.

ಟಿಕೆಟ್ ವಿವಾದದಿಂದ ರಾಜಭವನಕ್ಕೆ

2004ರ ಸೋಲಿನ ಬಳಿಕ ಮಾರ್ಗರೆಟ್ ಎ.ಐ.ಸಿ.ಸಿ. ಪ್ರಧಾನ ಕಾರ್ಯದರ್ಶಿಯಾಗಿ ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳ ಉಸ್ತುವಾರಿ ನೋಡಿಕೊಂಡರು. ಸಂಸದರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವ ಸಂಸತ್ತಿನ ಅಧ್ಯಯನ ಕೇಂದ್ರಕ್ಕೆ ಸಲಹೆಗಾರರೂ ಆಗಿದ್ದರು. 2008ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಮಗ ನಿವೇದಿತ್ ಆಳ್ವ ಅವರಿಗೆ ಟಿಕೆಟ್ ಸಿಗಲಿಲ್ಲ. ಆ ನವೆಂಬರಿನಲ್ಲಿ, ಪಕ್ಷದಲ್ಲಿ ಟಿಕೆಟ್‌ಗಳು ಮಾರಾಟವಾಗಿವೆ ಎಂದು ಅವರು ಬಹಿರಂಗವಾಗಿ ಆರೋಪಿಸಿದರು. ಹೈಕಮಾಂಡ್ ಸಿಟ್ಟಾಯಿತು, ಹುದ್ದೆ ಹೋಯಿತು. ಆರೋಪ ಮಗನ ಕಾರಣಕ್ಕೆ ಬಂದದ್ದರಿಂದ ಅದರ ತೂಕ ಕಡಿಮೆಯಾಯಿತು ಎಂಬುದು ಸರಿ. ಆದರೆ ಟಿಕೆಟ್ ಸಿಕ್ಕಿದವರು ಇಂಥ ಮಾತನ್ನು ಎಂದಾದರೂ ಆಡಿದ್ದುಂಟೇ ಎಂದೂ ಕೇಳಬೇಕಾಗುತ್ತದೆ.

ಮುನಿಸು ಹೆಚ್ಚು ದಿನ ನಿಲ್ಲಲಿಲ್ಲ. 2009ರ ಆಗಸ್ಟಿನಲ್ಲಿ ಉತ್ತರಾಖಂಡದ ರಾಜ್ಯಪಾಲರಾದರು, ಆ ರಾಜ್ಯಕ್ಕೆ ಮೊದಲ ಮಹಿಳಾ ರಾಜ್ಯಪಾಲರು. 2012ರ ಮೇ ತಿಂಗಳಲ್ಲಿ ರಾಜಸ್ಥಾನಕ್ಕೆ ಹೋದರು. 2014ರಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾಗಿ ಹಳೆಯ ರಾಜ್ಯಪಾಲರು ಒಬ್ಬೊಬ್ಬರಾಗಿ ತೆರಳುತ್ತಿದ್ದಾಗ ಗುಜರಾತ್ ಮತ್ತು ಗೋವಾಗಳ ಹೆಚ್ಚುವರಿ ಹೊಣೆಯೂ ಕೆಲ ದಿನ ಇವರ ಮೇಲೆ ಬಿತ್ತು. ಆ ಆಗಸ್ಟಿನಲ್ಲಿ ಐದು ವರ್ಷದ ಅವಧಿ ಪೂರೈಸಿ ನಿವೃತ್ತರಾದರು. 2016ರಲ್ಲಿ 'ಕರೇಜ್ ಅಂಡ್ ಕಮಿಟ್‌ಮೆಂಟ್' ಎಂಬ ಇಂಗ್ಲಿಷ್ ಆತ್ಮಕಥೆ ಪ್ರಕಟವಾಯಿತು. ಸೋನಿಯಾ ಗಾಂಧಿ ಮತ್ತು ನರಸಿಂಹ ರಾವ್ ನಡುವಿನ ಅಪನಂಬಿಕೆಯ ಪ್ರಸಂಗಗಳಿಂದಾಗಿ ಅದು ಬಿಡುಗಡೆಯ ಹೊತ್ತಿಗೇ ಸುದ್ದಿಯಾಯಿತು.

2022ರ ಆಗಸ್ಟ್ 6ರಂದು ನಡೆದ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜಗದೀಪ್ ಧನಕರ್ 528 ಮತ ಪಡೆದು ಗೆದ್ದರು, ಮಾರ್ಗರೆಟ್ 182 ಪಡೆದರು. ಸೋಲು ಮೊದಲೇ ಖಚಿತವಾಗಿತ್ತು. ತೃಣಮೂಲ ಕಾಂಗ್ರೆಸ್ ಮತದಾನದಿಂದ ದೂರ ಉಳಿದು ಅದನ್ನು ಇನ್ನಷ್ಟು ದೊಡ್ಡದು ಮಾಡಿತು.

2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ನಿವೇದಿತ್ ಅವರನ್ನು ಕುಮಟಾದಿಂದ ನಿಲ್ಲಿಸಿತು. ಪಕ್ಷ ರಾಜ್ಯದಲ್ಲಿ 135 ಸ್ಥಾನ ಗೆದ್ದಿತು, ಪಕ್ಕದ ಭಟ್ಕಳವನ್ನು ಮಂಕಾಳ ವೈದ್ಯ ಅವರ ಮೂಲಕ ಮರಳಿ ಪಡೆಯಿತು. ಕುಮಟಾದಲ್ಲಿ ಮಾತ್ರ ಹಣಾಹಣಿ ಬಿಜೆಪಿಯ ದಿನಕರ ಶೆಟ್ಟಿ ಮತ್ತು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ನಡುವೆ ನಡೆದು, ಸಾವಿರದೊಳಗಿನ ಅಂತರದಲ್ಲಿ ಶೆಟ್ಟಿ ಗೆದ್ದರು. ನಿವೇದಿತ್ ಬಹಳ ಹಿಂದೆ ಮೂರನೆಯ ಸ್ಥಾನದಲ್ಲಿ ಉಳಿದರು. ಮರುವರ್ಷ ಲೋಕಸಭೆಗೆ ಕಾಂಗ್ರೆಸ್ ಖಾನಾಪುರದ ಡಾ. ಅಂಜಲಿ ನಿಂಬಾಳ್ಕರ್ ಅವರಿಗೆ ಟಿಕೆಟ್ ಕೊಟ್ಟಿತು, ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಎದುರು ಅವರು ಸೋತರು. 1952ರಿಂದ ಇಲ್ಲಿಯವರೆಗೆ ಈ ಕ್ಷೇತ್ರದಿಂದ ಲೋಕಸಭೆಗೆ ಹೋದ ಮಹಿಳೆ ಮಾರ್ಗರೆಟ್ ಆಳ್ವ ಒಬ್ಬರೇ.